ದಿನಬಳಕೆಯ ಲ್ಯಾಟಿನ್: ಸಂಭಾಷಣೆಯ ಪುಸ್ತಕಗಳ ಕಥೆ

ಲ್ಯಾಟಿನ್ ಎಂದೊಡನೆ ನಮಗೆ ನೆನಪಾಗುವುದು ಗಿಡಮರಗಳ ಶಾಸ್ತ್ರೀಯ ಹೆಸರುಗಳು, ವಕೀಲರ ಪರಿಭಾಷೆ, ಹಳೆಯ ವಿಶ್ವವಿದ್ಯಾಲಯಗಳ ಲಾಂಛನದ ಮೇಲಿನ ಧ್ಯೇಯವಾಕ್ಯಗಳು. ಕರಾವಳಿಯ ಕ್ರೈಸ್ತ ಕುಟುಂಬಗಳ ಹಿರಿಯರಿಗೆ, 1960ರ ದಶಕದವರೆಗೂ ಚರ್ಚುಗಳಲ್ಲಿ ಕೇಳುತ್ತಿದ್ದ ಬಲಿಪೂಜೆಯ ಲ್ಯಾಟಿನ್ ನೆನಪಿನಲ್ಲಿರಬಹುದು. ಒಟ್ಟಿನಲ್ಲಿ ಅದು ಗಂಭೀರವಾದ, ಕಲ್ಲಿನಲ್ಲಿ ಕೆತ್ತಿಟ್ಟಂಥ ಭಾಷೆ ಎಂಬುದು ನಮ್ಮ ಭಾವನೆ. ಆ ಭಾಷೆಯಲ್ಲಿ "ನನ್ನ ಪಾದರಕ್ಷೆ ಎಲ್ಲಿ?", "ಸ್ವಲ್ಪ ನಿನ್ನ ಚಾಕು ಕೊಡು, ಲೇಖನಿ ಚೂಪು ಮಾಡಿಕೊಳ್ಳುತ್ತೇನೆ", "ಈ ದಿನ ಊಟಕ್ಕೆ ಏನಿದೆ?" ಎಂದು ಮಾತನಾಡುವ ಪರಿಪಾಠವೂ ಇತ್ತೆಂಬುದನ್ನು ನಾವು ಅಷ್ಟಾಗಿ ಯೋಚಿಸುವುದಿಲ್ಲ. ಲ್ಯಾಟಿನ್ ಯಾರ ತಾಯ್ನುಡಿಯೂ ಆಗಿರದ ಕಾಲದಲ್ಲಿ ಸಹ, ಸುಮಾರು ಸಾವಿರ ವರ್ಷ ಈ ಪರಿಪಾಠ ನಡೆದುಬಂದಿತು. ಅದಕ್ಕೆಂದೇ ಸಣ್ಣ ಸಣ್ಣ ಸಂಭಾಷಣೆಯ ಪುಸ್ತಕಗಳು ಹುಟ್ಟಿಕೊಂಡವು. ಭಾಷೆ ಕಲಿಸುವುದನ್ನೇ ವೃತ್ತಿಯಾಗಿ ಉಳ್ಳವನಾಗಿದ್ದ ನನಗೆ, ಮಹಾಕವಿ ವರ್ಜಿಲನಿಗಿಂತಲೂ ಈ ಪುಟ್ಟ ಪುಸ್ತಕಗಳ ಇತಿಹಾಸವೇ ಹೆಚ್ಚು ಆಪ್ತವೆನಿಸಿದೆ.

ಇಂಥ ಪುಸ್ತಕಗಳಲ್ಲಿ ನಮಗೆ ದೊರೆತಿರುವ ಅತ್ಯಂತ ಹಳೆಯವು ರೋಮನ್ ಸಾಮ್ರಾಜ್ಯದ ಕಾಲದವು. ಸಾಮ್ರಾಜ್ಯದ ಪೂರ್ವಭಾಗದಲ್ಲಿ ವ್ಯವಹಾರದ ಭಾಷೆ ಗ್ರೀಕ್ ಆಗಿತ್ತು. ಆದರೆ ಕಾನೂನು, ಸೈನ್ಯ, ಸರ್ಕಾರಿ ಹುದ್ದೆ ಇವುಗಳಲ್ಲಿ ಮುಂದೆ ಬರಬೇಕೆನ್ನುವವನಿಗೆ ಲ್ಯಾಟಿನ್ ಬೇಕಿತ್ತು. ಹಾಗೆಯೇ ಪಶ್ಚಿಮದ ಲ್ಯಾಟಿನ್ ಮಕ್ಕಳು ವಿದ್ಯಾವಂತರೆನಿಸಿಕೊಳ್ಳಲು ಗ್ರೀಕ್ ಕಲಿಯಬೇಕಿತ್ತು. ಈ ಎರಡು ಬಗೆಯ ಕಲಿಕೆಗೂ ಒದಗುವಂತೆ, ಒಂದೇ ಪುಟದಲ್ಲಿ ಎರಡು ಕಿರಿದಾದ ಅಂಕಣಗಳನ್ನು ಎಳೆದು, ಒಂದರಲ್ಲಿ ಗ್ರೀಕನ್ನೂ ಅದರ ಪಕ್ಕದಲ್ಲಿ ಲ್ಯಾಟಿನ್ನನ್ನೂ ಸಾಲಿಗೆ ಸಾಲಾಗಿ ಬರೆದ ಕೈಪಿಡಿಗಳು ಹುಟ್ಟಿದವು. ವಿದ್ವಾಂಸರು ಇವನ್ನು 'ಹೆರ್ಮೆನೆಯುಮಾತಾ' ಎಂದು ಕರೆಯುತ್ತಾರೆ. ಅವುಗಳಲ್ಲೊಂದರಲ್ಲಿ ಬರುವ ರೋಮನ್ ಅಧಿಕಾರಿಗಳ ಹೆಸರುಗಳಿಂದ ಕ್ರಿ.ಶ. 207ರ ಕಾಲವನ್ನು ಗುರುತಿಸಲಾಗಿದೆ. ಇವುಗಳ ಸಂಭಾಷಣೆಯ ಭಾಗಗಳನ್ನು ಎಲಿನಾರ್ ಡಿಕಿ ಎಂಬ ವಿದುಷಿ 2012 ಮತ್ತು 2015ರಲ್ಲಿ ಎರಡು ಸಂಪುಟಗಳಾಗಿ ಸಂಪಾದಿಸಿ ಪ್ರಕಟಿಸಿದ್ದಾರೆ.

ಅವುಗಳಲ್ಲಿ ಇರುವುದಾದರೂ ಏನು? ಒಬ್ಬ ಬಾಲಕ ಬೆಳಿಗ್ಗೆ ಏಳುತ್ತಾನೆ. ಆಳನ್ನು ಕರೆದು ಪಾದರಕ್ಷೆ ಕೇಳುತ್ತಾನೆ, ಮುಖ ತೊಳೆಯುತ್ತಾನೆ, ಹಿರಿಯರಿಗೆ ವಂದಿಸಿ ಶಾಲೆಗೆ ಹೊರಡುತ್ತಾನೆ. ಗುರುವಿಗೆ ನಮಸ್ಕಾರ ಹೇಳಿ, ಸಹಪಾಠಿಗಳ ನಡುವೆ ತನ್ನ ಜಾಗ ಹಿಡಿದು ಪಾಠ ಬರೆಯುತ್ತಾನೆ. ಮಧ್ಯಾಹ್ನ ಮನೆಗೆ ಬಂದು ಬಿಳಿ ರೊಟ್ಟಿ, ಆಲಿವ್ ಕಾಯಿ, ಗಿಣ್ಣು, ಒಣ ಅಂಜೂರ ತಿಂದು, ತಣ್ಣೀರು ಕುಡಿದು ಮತ್ತೆ ಶಾಲೆಗೆ ಹೋಗುತ್ತಾನೆ. ದೊಡ್ಡವರಿಗಾಗಿ ಬೇರೆ ಪ್ರಸಂಗಗಳಿವೆ. ಸಾಲ ಪಡೆಯುವುದು, ಸಂತೆಯಲ್ಲಿ ಕೊಳ್ಳುವುದು, ಕಾಯಿಲೆಯಾದ ಗೆಳೆಯನನ್ನು ನೋಡಲು ಹೋಗುವುದು, ಸ್ನಾನಗೃಹಕ್ಕೆ ಹೋಗುವುದು, ಕುಡಿದು ಮಾನಗೆಟ್ಟ ಗೃಹಸ್ಥನಿಗೆ ಛೀಮಾರಿ ಹಾಕುವುದು, ಎಲ್ಲಕ್ಕೂ ಮಾತುಗಳು ಸಿದ್ಧವಾಗಿವೆ. ಯುದ್ಧಗಳನ್ನೂ ಸಾಮ್ರಾಟರನ್ನೂ ಕುರಿತು ಬರೆದ ಇತಿಹಾಸಕಾರರು ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದ ಹುಡುಗನನ್ನು ಗಮನಿಸಲಿಲ್ಲ. ಅವನನ್ನು ಉಳಿಸಿಕೊಟ್ಟವನು ಹೆಸರು ತಿಳಿಯದ ಯಾವನೋ ಒಬ್ಬ ಶಾಲಾಮಾಸ್ತರ.

ಪಶ್ಚಿಮದ ರೋಮನ್ ಸಾಮ್ರಾಜ್ಯ ಅಳಿದ ಮೇಲೆ ಆಡುಮಾತಿನ ಲ್ಯಾಟಿನ್ ಮೆಲ್ಲಮೆಲ್ಲನೆ ಇಟಾಲಿಯನ್, ಫ್ರೆಂಚ್, ಸ್ಪ್ಯಾನಿಷ್ ಮೊದಲಾದ ಭಾಷೆಗಳಾಗಿ ಕವಲೊಡೆಯಿತು. ಆದರೆ ಚರ್ಚಿನ ಭಾಷೆಯಾಗಿ, ವಿದ್ಯೆಯ ಭಾಷೆಯಾಗಿ ಹಳೆಯ ಲ್ಯಾಟಿನ್ ಉಳಿಯಿತು. ಮಠಗಳಿಗೆ ಸೇರಿದ ಮಕ್ಕಳು ಅದನ್ನು ಓದುವುದಷ್ಟೇ ಅಲ್ಲ, ಆಡಲೂ ಬೇಕಿತ್ತು. ಇಂಗ್ಲೆಂಡಿನಲ್ಲಿ ಸುಮಾರು ಕ್ರಿ.ಶ. 1000ದ ಹೊತ್ತಿಗೆ ಆಲ್ಫ್ರಿಕ್ ಎಂಬ ಸನ್ಯಾಸಿ ಇದಕ್ಕೊಂದು ಸೊಗಸಾದ ಉಪಾಯ ಮಾಡಿದ. ಹುಡುಗರಿಗೆ ಒಬ್ಬೊಬ್ಬರಿಗೆ ಒಂದೊಂದು ಪಾತ್ರ ಕೊಟ್ಟ. ಒಬ್ಬ ಉಳುವವ, ಒಬ್ಬ ಕುರುಬ, ಒಬ್ಬ ಬೆಸ್ತ, ಒಬ್ಬ ಬೇಟೆಗಾರ, ಇನ್ನೊಬ್ಬ ಚಮ್ಮಾರ, ಮತ್ತೊಬ್ಬ ವರ್ತಕ. ಗುರು ಪ್ರತಿಯೊಬ್ಬನನ್ನೂ ಅವನ ಕಸುಬಿನ ಬಗ್ಗೆ ಪ್ರಶ್ನಿಸುತ್ತಾನೆ, ಹುಡುಗ ಆ ಕಸುಬಿನವನಾಗಿ ಉತ್ತರಿಸುತ್ತಾನೆ. ಉಳುವವನು ಕೊರೆಯುವ ಚಳಿಯಲ್ಲಿಯೂ ಹೊಲಕ್ಕೆ ಹೋಗಲೇಬೇಕಾದ ತನ್ನ ಪಾಡನ್ನು ಹೇಳಿಕೊಂಡು, ತಾನು ಸ್ವತಂತ್ರನಲ್ಲ, ಆದ್ದರಿಂದ ಈ ಕಷ್ಟ ಎಂದು ನಿಟ್ಟುಸಿರಿಡುತ್ತಾನೆ. ಕೊನೆಗೆ ಯಾರ ಕಸುಬು ಹೆಚ್ಚು ಎಂಬ ಚರ್ಚೆ ಏಳುತ್ತದೆ. ಕ್ರಿಯಾಪದದ ರೂಪಗಳನ್ನು ಬಾಯಿಪಾಠ ಮಾಡಿಸುವ ನೆಪದಲ್ಲಿ ಒಂದು ಇಡೀ ಸಮಾಜವೇ ತರಗತಿಯೊಳಗೆ ಬಂದು ನಿಂತಿತು.

ಆದರೆ ಅದೇ ಪುಸ್ತಕದ ಆರಂಭದಲ್ಲಿ ಇನ್ನೊಂದು ಮಾತೂ ಇದೆ. ಕಲಿಯುವಾಗ ಏಟು ತಿನ್ನಲು ಸಿದ್ಧರಿದ್ದೀರಾ ಎಂದು ಗುರು ಕೇಳುತ್ತಾನೆ. ತಿಳಿಯದೆ ಉಳಿಯುವುದಕ್ಕಿಂತ ಏಟು ತಿನ್ನುವುದೇ ಮೇಲು ಎಂದು ಮಕ್ಕಳು ಉತ್ತರಿಸುತ್ತಾರೆ. ಅವರ ಬಾಯಲ್ಲಿ ಆ ಮಾತನ್ನು ಇಟ್ಟವನು ಗುರುವೇ ಎಂಬುದನ್ನು ಮರೆಯಬಾರದು. ಲ್ಯಾಟಿನ್ ಸಂಭಾಷಣೆಯ ಇತಿಹಾಸದ ಉದ್ದಕ್ಕೂ ಈ ಬೆತ್ತದ ನೆರಳು ಇದ್ದೇ ಇದೆ.

ಆ ನೆರಳು ಅತ್ಯಂತ ಕಪ್ಪಾಗಿ ಕಾಣುವುದು ಮಧ್ಯಯುಗದ ಕೊನೆಯ ಭಾಗದ ಶಾಲೆಗಳಲ್ಲಿ, ವಿದ್ಯಾರ್ಥಿನಿಲಯಗಳಲ್ಲಿ. ಅಲ್ಲಿ ಮಾತೃಭಾಷೆಯಲ್ಲಿ ಮಾತನಾಡುವುದು ಅಪರಾಧವಾಗಿತ್ತು. ಜರ್ಮನ್ ನಾಡುಗಳಲ್ಲಿ ಇದಕ್ಕೆಂದೇ ಒಬ್ಬ ವಿದ್ಯಾರ್ಥಿಯನ್ನು ಗುಟ್ಟಾಗಿ ನೇಮಿಸುತ್ತಿದ್ದರು. ಅವನ ಹೆಸರು 'ಲೂಪುಸ್', ಎಂದರೆ ತೋಳ. ಯಾವ ಹುಡುಗ ಯಾವಾಗ ಜರ್ಮನ್ ಮಾತನಾಡಿದ ಎಂದು ಬರೆದಿಟ್ಟು ಮೇಲಿನವರಿಗೆ ಒಪ್ಪಿಸುವುದು ಅವನ ಕೆಲಸ. ಸಿಕ್ಕಿಬಿದ್ದವರು ದಂಡ ತೆರಬೇಕು, ಇಲ್ಲವೇ ಏಟು ತಿನ್ನಬೇಕು. 1480ರ ದಶಕದ ಆರಂಭದಲ್ಲಿ ಅಚ್ಚಾದ 'ಮನುವಾಲೆ ಸ್ಕೊಲಾರಿಯುಮ್' ಎಂಬ ವಿದ್ಯಾರ್ಥಿಗಳ ಸಂಭಾಷಣಾ ಪುಸ್ತಕದಲ್ಲಿ ಈ ತೋಳಗಳ ಬಗ್ಗೆಯೇ ಒಂದು ಪ್ರಸಂಗವಿದೆ. ಗೆಳೆಯನ ಮಾತಿಗೆ ಕಿವಿಗೊಟ್ಟು ಚಾಡಿ ಹೇಳುವುದು ಭಾಷಾಶಿಕ್ಷಣದ ಒಂದು ಅಂಗವಾಗಿತ್ತೆಂದರೆ, ಆ ಭಾಷೆಯ ಮೇಲೆ ಮಕ್ಕಳಿಗೆ ಎಂಥ ಪ್ರೀತಿ ಹುಟ್ಟಿರಬಹುದು?

ಈ ದಾರಿಯಿಂದ ಬೇರೆಯಾಗಿ ನಡೆದವರಲ್ಲಿ ಮೊದಲು ನೆನೆಯಬೇಕಾದವನು ಎರಾಸ್ಮಸ್. 1490ರ ದಶಕದ ಕೊನೆಯಲ್ಲಿ ಪ್ಯಾರಿಸ್ಸಿನಲ್ಲಿ ಹೊಟ್ಟೆಪಾಡಿಗಾಗಿ ಮನೆಪಾಠ ಹೇಳುತ್ತಿದ್ದಾಗ, ತನ್ನ ಶಿಷ್ಯರಿಗಾಗಿ ಆತ ದಿನಬಳಕೆಯ ಮಾತುಗಳ ಒಂದು ಪಟ್ಟಿಯನ್ನು ಸಿದ್ಧಪಡಿಸಿದ. ಎದುರಾದಾಗ ಏನನ್ನಬೇಕು, ಬೀಳ್ಕೊಡುವಾಗ ಏನನ್ನಬೇಕು, ಕ್ಷೇಮಸಮಾಚಾರ ಹೇಗೆ ವಿಚಾರಿಸಬೇಕು, ಕೃತಜ್ಞತೆಯನ್ನು ಎಷ್ಟು ಬಗೆಯಲ್ಲಿ ಹೇಳಬಹುದು, ಇಂಥವು. 1518ರಲ್ಲಿ ಬಾಸೆಲ್ ನಗರದಲ್ಲಿ ಅದು ಅವನ ಒಪ್ಪಿಗೆ ಇಲ್ಲದೆಯೇ ಅಚ್ಚಾಯಿತು. ಆಮೇಲೆ ಎರಾಸ್ಮಸ್ ತಾನೇ ಅದನ್ನು ತಿದ್ದಿ, ಹೊಸ ಸಂಭಾಷಣೆಗಳನ್ನು ಸೇರಿಸುತ್ತಾ 1533ರವರೆಗೆ ಬೆಳೆಸಿದ. ಫ್ರಾನ್ಸಿನ ಮತ್ತು ಜರ್ಮನಿಯ ಪ್ರವಾಸಿ ಛತ್ರಗಳ ಉಪಚಾರದ ವ್ಯತ್ಯಾಸ, ಓದು ಬಲ್ಲ ಗೃಹಿಣಿಯೊಬ್ಬಳು ಓದಿಲ್ಲದ ಮಠಾಧಿಪತಿಯ ಬಾಯಿ ಮುಚ್ಚಿಸುವ ಪ್ರಸಂಗ ಮೊದಲಾದುವು ಅದರಲ್ಲಿ ಸೇರಿದವು. 1526ರಲ್ಲಿ ಪ್ಯಾರಿಸ್ಸಿನ ಧರ್ಮಪಂಡಿತರು ಈ ಪುಸ್ತಕವನ್ನು ಖಂಡಿಸಿದರು. ನಮಸ್ಕಾರ ಹೇಳಲು ಕಲಿಸುವ ಪಠ್ಯ ಪಂಡಿತರ ಸಿಟ್ಟಿಗೆ ಗುರಿಯಾದದ್ದು ಸೋಜಿಗದಂತೆ ಕಂಡರೂ ಸಹಜವೇ. ಮಾತನಾಡಲು ಕಲಿತ ಹುಡುಗ ಎದುರುಮಾತನ್ನೂ ಕಲಿಯುತ್ತಾನಷ್ಟೆ.

ಎರಾಸ್ಮಸನ ಕಿರಿಯ ಮಿತ್ರನಾದ ಹ್ವಾನ್ ಲೂಯಿಸ್ ವೀವೆಸನ ಕಥೆ ಮನಸ್ಸನ್ನು ಕಲಕುವಂಥದು. ಸ್ಪೇನಿನ ವಲೆನ್ಸಿಯಾದಲ್ಲಿ, ಕ್ರೈಸ್ತಮತಕ್ಕೆ ಸೇರಿದ್ದ ಯೆಹೂದಿ ಮನೆತನದಲ್ಲಿ ಹುಟ್ಟಿದ ಈತ 1509ರಲ್ಲಿ ಓದಲೆಂದು ಊರು ಬಿಟ್ಟವನು ಮತ್ತೆ ಹಿಂದಿರುಗಲಿಲ್ಲ. 1524ರಲ್ಲಿ ಅವನ ತಂದೆಯನ್ನು, ಗುಟ್ಟಾಗಿ ಹಳೆಯ ಮತವನ್ನೇ ಆಚರಿಸುತ್ತಿದ್ದನೆಂಬ ಆರೋಪದ ಮೇಲೆ, ಧರ್ಮವಿಚಾರಣೆಯವರು ಸುಟ್ಟರು. ಎಂದೋ ತೀರಿಕೊಂಡಿದ್ದ ತಾಯಿಯ ಅಸ್ಥಿಗಳನ್ನೂ ಕೆಲವು ವರ್ಷಗಳ ಬಳಿಕ ಅಗೆದು ತೆಗೆದು ಸುಟ್ಟರು. ವೀವೆಸ್ ಬ್ರೂಜ್ ನಗರದಲ್ಲಿ ನೆಲೆಸಿ, ಸಾಯುವುದಕ್ಕೆ ಒಂದೆರಡು ವರ್ಷ ಮೊದಲು ಮಕ್ಕಳಿಗಾಗಿ 25 ಲ್ಯಾಟಿನ್ ಸಂಭಾಷಣೆಗಳನ್ನು ಬರೆದ. ಬೆಳಿಗ್ಗೆ ಏಳುವುದು, ಬಟ್ಟೆ ತೊಡುವುದು, ಶಾಲೆಯ ದಾರಿ, ಅಡುಗೆಮನೆ, ಊಟದ ಪಂಕ್ತಿ, ಬರವಣಿಗೆ, ಆಟ ಎಲ್ಲವೂ ಅದರಲ್ಲಿ ಬರುತ್ತವೆ. ಪುಸ್ತಕವನ್ನು ಸ್ಪೇನಿನ ರಾಜಕುಮಾರ ಫಿಲಿಪನಿಗೆ ಅರ್ಪಿಸಿದ. ಚೆಂಡಾಟವನ್ನು ಕುರಿತ ಒಂದು ಸಂಭಾಷಣೆಯಲ್ಲಿ ಮೂವರು ಗೆಳೆಯರು ವಲೆನ್ಸಿಯಾದ ಬೀದಿಗಳಲ್ಲಿ ನಡೆಯುತ್ತಾ ಹೋಗುತ್ತಾರೆ. ಯಾವ ಬೀದಿಯಿಂದ ಹೋಗೋಣ ಎಂಬ ಮಾತು ಬಂದಾಗ ಒಬ್ಬನು ತನ್ನ ಮಿತ್ರ ವೀವೆಸ್ ಹುಟ್ಟಿದ ಮನೆಯನ್ನು ನೋಡುವ ಆಸೆಯನ್ನು ಹೇಳಿಕೊಳ್ಳುತ್ತಾನೆ. ತಂದೆಯನ್ನು ಸುಟ್ಟ ಊರಿಗೆ ಕಾಲಿಡಲಾಗದ ಮಗ, ಪಾಠಪುಸ್ತಕದೊಳಗೆ ಆ ಊರಿನ ಬೀದಿಗಳನ್ನು ಹೆಸರಿಡಿದು ನಡೆದ. ಅದರಲ್ಲಿ ದೂರಿನ ಒಂದು ಸೊಲ್ಲೂ ಇಲ್ಲ. ದಿನಬಳಕೆಯ ಮಾತು ಇಷ್ಟು ಭಾರವನ್ನು ಹೊರಬಲ್ಲುದೆಂದು ನಾನು ಅರಿತದ್ದು ಈ ಪ್ರಸಂಗವನ್ನು ತಿಳಿದ ಮೇಲೆ.

ಅದೇ ಕಾಲದಲ್ಲಿ ಫ್ರಾನ್ಸಿನಲ್ಲಿ ಒಂದು ವಿಚಿತ್ರ ಪ್ರಯೋಗ ನಡೆಯಿತು. 1533ರಲ್ಲಿ ಹುಟ್ಟಿದ ಮಾಂಟೇನ್, ಮುಂದೆ ಪ್ರಬಂಧ ಸಾಹಿತ್ಯದ ಜನಕನೆನಿಸಿಕೊಂಡವನು, ಮಾತು ಕಲಿಯುವ ಮೊದಲೇ ಅವನ ತಂದೆ ಫ್ರೆಂಚ್ ಅರಿಯದ ಒಬ್ಬ ಜರ್ಮನ್ ಪಂಡಿತನ ಕೈಗೆ ಅವನನ್ನು ಒಪ್ಪಿಸಿದ. ಮಗುವಿನ ಎದುರಿಗೆ ಲ್ಯಾಟಿನ್ ಹೊರತು ಬೇರೆ ಮಾತನಾಡಕೂಡದೆಂಬ ಕಟ್ಟಳೆ. ತಾಯಿ, ಆಳುಕಾಳುಗಳು ಎಲ್ಲರೂ ತಮಗೆ ಬೇಕಾದಷ್ಟು ಲ್ಯಾಟಿನ್ ಕಲಿತುಕೊಂಡರು. ಸುತ್ತಲಿನ ಹಳ್ಳಿಗರ ಬಾಯಲ್ಲಿಯೂ ಕೆಲವು ಹತಾರಗಳ ಲ್ಯಾಟಿನ್ ಹೆಸರುಗಳು ನೆಲೆಯೂರಿದವೆಂದು ಮಾಂಟೇನನೇ ಬರೆದಿದ್ದಾನೆ. ಬೆತ್ತವಿಲ್ಲದೆ, ವ್ಯಾಕರಣವಿಲ್ಲದೆ, ಕಣ್ಣೀರಿಲ್ಲದೆ ಅವನಿಗೆ ಲ್ಯಾಟಿನ್ ಬಂದಿತು. ಆದರೆ ಆರು ವರ್ಷವಾದ ಮೇಲೆ ಬೋರ್ಡೋ ನಗರದ ಶಾಲೆಗೆ ಸೇರಿಸಿದೊಡನೆ ಅದು ಕೆಡತೊಡಗಿ, ಕೊನೆಗೆ ರೂಢಿ ತಪ್ಪಿ ಹೋಯಿತು. ಮನೆಯಲ್ಲಿ ಅನ್ನ ನೀರಿನ ಭಾಷೆಯಾಗಿದ್ದುದು ಶಾಲೆಯಲ್ಲಿ ಬರಿಯ ಪಾಠವಾಯಿತು.

ಮಾಂಟೇನ್ ಸೇರುವ ಕೆಲವು ವರ್ಷ ಮೊದಲು ಅದೇ ಶಾಲೆಯಲ್ಲಿ ಮಾತ್ಯುರಾಂ ಕೋರ್ಡಿಯೆ ಎಂಬ ಉಪಾಧ್ಯಾಯನಿದ್ದ. ಧರ್ಮಸುಧಾರಕ ಕ್ಯಾಲ್ವಿನನಿಗೆ ಪ್ಯಾರಿಸ್ಸಿನಲ್ಲಿ ಲ್ಯಾಟಿನ್ ಕಲಿಸಿದವನು ಇವನೇ. ಹುಡುಗರು ಫ್ರೆಂಚ್ ವಾಕ್ಯವನ್ನೇ ಪದಕ್ಕೆ ಪದ ಲ್ಯಾಟಿನ್ನಿಗೆ ತಿರುಗಿಸಿ ಆಡುವುದನ್ನು ಕಂಡು, ಬೈಯುವ ಬದಲು ಅವರ ತಪ್ಪುಗಳನ್ನೆಲ್ಲ ಕಲೆಹಾಕಿ, ಪ್ರತಿಯೊಂದಕ್ಕೂ ಸರಿಯಾದ ರೂಪ ಬರೆದು 1530ರಲ್ಲಿ ಪುಸ್ತಕ ಮಾಡಿದ. ಎಂಬತ್ತು ದಾಟಿದ ವಯಸ್ಸಿನಲ್ಲಿ, 1564ರಲ್ಲಿ, ತನ್ನ ಸಂಭಾಷಣೆಗಳ ಪುಸ್ತಕವನ್ನು ಹೊರತಂದು ಅದೇ ವರ್ಷ ತೀರಿಕೊಂಡ. ಅದರಲ್ಲಿ ಬರುವವರು ಹಾಸ್ಟೆಲ್ ಹುಡುಗರು. ಚಾಕು ಎರವಲು ಕೇಳುತ್ತಾರೆ, ಮನೆಯಿಂದ ಕಾಗದ ಬಂತೇ ಎಂದು ವಿಚಾರಿಸುತ್ತಾರೆ, ತಿಂಡಿ ಹಂಚಿಕೊಳ್ಳುತ್ತಾರೆ. ಅಟ್ಲಾಂಟಿಕ್ ದಾಟಿ ಅಮೆರಿಕದ ಶಾಲೆಗಳವರೆಗೂ ಈ ಪುಸ್ತಕ ಹೋಯಿತು.

ಇವರೆಲ್ಲರ ಅನುಭವವನ್ನು ಒಂದು ಸಿದ್ಧಾಂತವಾಗಿ ರೂಪಿಸಿದವನು ಕೊಮೇನಿಯಸ್. 1592ರಲ್ಲಿ ಮೊರೇವಿಯಾದಲ್ಲಿ ಹುಟ್ಟಿದ ಈತ ಮತೀಯ ಯುದ್ಧಗಳಿಂದ ದೇಶಭ್ರಷ್ಟನಾದ. ಮೊದಲ ಹೆಂಡತಿಯನ್ನೂ ಮಕ್ಕಳನ್ನೂ ಪ್ಲೇಗಿಗೆ ಕಳೆದುಕೊಂಡ. 1656ರಲ್ಲಿ ಪೋಲೆಂಡಿನ ಲೆಶ್ನೊ ಪಟ್ಟಣ ಸುಟ್ಟುಹೋದಾಗ ವರ್ಷಗಟ್ಟಲೆ ದುಡಿದು ಬರೆದ ಹಸ್ತಪ್ರತಿಗಳನ್ನೂ ಕಳೆದುಕೊಂಡ. ಎರಡು ವರ್ಷಗಳ ನಂತರ, 1658ರಲ್ಲಿ, ಅವನ 'ಓರ್ಬಿಸ್ ಪಿಕ್ತುಸ್' ಎಂಬ ಚಿತ್ರಪುಸ್ತಕ ನ್ಯೂರೆಂಬರ್ಗಿನಲ್ಲಿ ಅಚ್ಚಾಯಿತು. 150 ಪಾಠಗಳು, ಪ್ರತಿಯೊಂದಕ್ಕೂ ಒಂದು ಚಿತ್ರ, ಚಿತ್ರದ ವಸ್ತುಗಳಿಗೆ ಅಂಕಿಗಳು, ಕೆಳಗೆ ಆ ಅಂಕಿಗಳೊಡನೆ ಲ್ಯಾಟಿನ್ ವಾಕ್ಯ, ಅದರ ಪಕ್ಕದಲ್ಲಿಯೇ ಜರ್ಮನ್ ವಾಕ್ಯ. ರೊಟ್ಟಿ ಸುಡುವುದು, ಮೀನು ಹಿಡಿಯುವುದು, ನೇಯ್ಗೆ, ಅಡುಗೆಮನೆ, ಹೊಲ, ಗುಡುಗು ಮಳೆ ಎಲ್ಲವೂ ಅದರಲ್ಲಿದ್ದವು. ಅಕ್ಷರಗಳನ್ನೂ ಕಾಗೆಯ ಕೂಗು, ಕುರಿಯ ಕೂಗು ಇವುಗಳಿಂದಲೇ ಕಲಿಸಿದ. ಮಗು ಮೊದಲು ಆರು ವರ್ಷ ತನ್ನ ತಾಯ್ನುಡಿಯ ಶಾಲೆಯಲ್ಲಿ ಕಲಿತು, ಆನಂತರವೇ ಲ್ಯಾಟಿನ್ ಶಾಲೆಗೆ ಹೋಗಬೇಕೆಂಬುದು ಅವನ ವಾದ. ತಾಯ್ನುಡಿಯನ್ನು ಬೇಟೆಯಾಡುವ ತೋಳಕ್ಕೆ ಅವನ ಶಾಲೆಯಲ್ಲಿ ಕೆಲಸವಿರಲಿಲ್ಲ. ಒಂದೇ ಪುಟದಲ್ಲಿ ಎರಡೂ ಭಾಷೆಗಳು ಅಕ್ಕಪಕ್ಕ ಕುಳಿತವು. ರೋಮನ್ ಕಾಲದ ಆ ಅನಾಮಧೇಯ ಮಾಸ್ತರನ ಎರಡು ಅಂಕಣಗಳೇ ಹದಿನಾಲ್ಕು ಶತಮಾನಗಳ ಮೇಲೆ ಚಿತ್ರಸಹಿತವಾಗಿ ಮರಳಿದಂತಾಯಿತು.

ಹೀಗೆ ಕಲಿತ ಲ್ಯಾಟಿನ್ ಉಪಯೋಗಕ್ಕೂ ಬರುತ್ತಿತ್ತು. ಹಲವು ಭಾಷೆಗಳ ನಾಡಾದ ಹಂಗೆರಿಯಲ್ಲಿ ಅದು 1844ರವರೆಗೂ ಆಡಳಿತ ಭಾಷೆಯಾಗಿತ್ತು. ಪಕ್ಕದ ಕ್ರೊಯೇಷಿಯಾದ ಸಭೆ 1847ರವರೆಗೂ ಲ್ಯಾಟಿನ್ನಿನಲ್ಲಿಯೇ ನಡೆಯಿತು. ಅದು ಯಾರ ಮನೆಮಾತೂ ಅಲ್ಲದ್ದರಿಂದ ಯಾರಿಗೂ ಅದರ ಮೇಲೆ ಅಸೂಯೆಯಿರಲಿಲ್ಲ. ತೊಡಕು ಬರುತ್ತಿದ್ದುದು ಉಚ್ಚಾರಣೆಯಲ್ಲಿ. ಒಂದೊಂದು ದೇಶದವರು ತಮ್ಮ ನಾಲಗೆಗೆ ತಕ್ಕಂತೆ ನುಡಿಯುತ್ತಿದ್ದರು. ಮಹಾವಿದ್ವಾಂಸನಾದ ಜೋಸೆಫ್ ಸ್ಕಾಲಿಜರನ ಮುಂದೆ ಬ್ರಿಟನ್ನಿನಿಂದ ಬಂದವನೊಬ್ಬ ಕಾಲುಗಂಟೆ ಲ್ಯಾಟಿನ್ನಿನಲ್ಲಿ ಮಾತನಾಡಿದನಂತೆ. ಸ್ಕಾಲಿಜರ್ ಎಲ್ಲವನ್ನೂ ಕೇಳಿ, ತನಗೆ ಇಂಗ್ಲಿಷ್ ಅಷ್ಟಾಗಿ ಬಾರದೆಂದು ಕ್ಷಮೆ ಕೇಳಿದನಂತೆ!

ಹತ್ತೊಂಬತ್ತನೆಯ ಶತಮಾನದಲ್ಲಿ ಲ್ಯಾಟಿನ್ ಮಾತು ನಿಂತು ವ್ಯಾಕರಣದ ಕೋಷ್ಟಕಗಳೂ ಭಾಷಾಂತರವೂ ಉಳಿದವು. ಇದಕ್ಕೆ ಎದುರಾಗಿ ನಿಂತವರಲ್ಲೊಬ್ಬರು ಡಬ್ಲ್ಯು.ಎಚ್.ಡಿ. ರೌಸ್. 1863ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಇವರು ಕೇಂಬ್ರಿಡ್ಜಿನಲ್ಲಿ ಸಂಸ್ಕೃತವನ್ನೂ ಕಲಿಸಿದರು, ಬೌದ್ಧ ಜಾತಕ ಕಥೆಗಳ ಇಂಗ್ಲಿಷ್ ಅನುವಾದದಲ್ಲಿಯೂ ಪಾಲ್ಗೊಂಡರು. 1902ರಿಂದ 1928ರವರೆಗೆ ಅಲ್ಲಿನ ಪರ್ಸ್ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದು, ಲ್ಯಾಟಿನ್ ಪಾಠವನ್ನು ಲ್ಯಾಟಿನ್ನಿನಲ್ಲಿಯೇ ನಡೆಸಿದರು. 'ಏಳುತ್ತೇನೆ' ಎಂದು ಹೇಳುತ್ತಾ ಏಳುವುದು, 'ನಡೆಯುತ್ತೇನೆ' ಎನ್ನುತ್ತಾ ನಡೆಯುವುದು, ಇದು ಮೊದಲ ಪಾಠ. ಡೆನ್ಮಾರ್ಕಿನ ಹಾನ್ಸ್ ಓರ್ಬರ್ಗ್ 1955ರಲ್ಲಿ ಹೊರತಂದ ಪಠ್ಯವಾದರೂ ಮೊದಲ ವಾಕ್ಯದಿಂದ ಕೊನೆಯವರೆಗೆ ಲ್ಯಾಟಿನ್ನಿನಲ್ಲಿಯೇ ಇದ್ದು, ಒಂದು ರೋಮನ್ ಸಂಸಾರದ ಕಥೆಯನ್ನು ಹೇಳುತ್ತಾ ತನ್ನ ಅರ್ಥವನ್ನು ತಾನೇ ಬಿಡಿಸಿಕೊಡುತ್ತದೆ. ಇಂದಿಗೂ ತಾವಾಗಿಯೇ ಲ್ಯಾಟಿನ್ ಕಲಿಯುವವರ ಕೈಯಲ್ಲಿ ಕಾಣುವ ಪುಸ್ತಕ ಅದು.

ಕನ್ನಡಿಗರಿಗೆ ಈ ಭಾಷೆಯ ಮೊದಲ ಮೆಟ್ಟಿಲುಗಳು ಅಷ್ಟೇನೂ ಕಡಿದಲ್ಲ. ಎದುರಾದಾಗ 'ಸಾಲ್ವೆ', ಬೀಳ್ಕೊಡುವಾಗ 'ವಾಲೆ'. ಹಲವರಿಗೆ ಹೇಳುವಾಗ 'ಸಾಲ್ವೇತೆ', 'ವಾಲೇತೆ'. 'ಕ್ವಿದ್ ಆಗಿಸ್?' ಎಂದರೆ 'ಹೇಗಿದ್ದೀಯೆ?' ಎಂದು ಕೇಳಿದಂತೆ. ಕ್ರಿಯಾಪದ ಸಾಮಾನ್ಯವಾಗಿ ನಮ್ಮಂತೆಯೇ ವಾಕ್ಯದ ಕೊನೆಗೆ ಬರುತ್ತದೆ. ಕ್ರಿಯಾಪದದ ಪ್ರತ್ಯಯವೇ ಕರ್ತೃವನ್ನು ಸೂಚಿಸುವುದರಿಂದ 'ನಾನು', 'ನೀನು' ಎನ್ನಬೇಕಾಗಿಲ್ಲ. ಪ್ರಶ್ನೆಗೆ ನಾವು 'ಆ' ಸೇರಿಸುವಂತೆ ಅವರು 'ನೆ' ಸೇರಿಸುತ್ತಾರೆ. 'ಹೌದು' ಎಂಬುದಕ್ಕೆ ಅವರಲ್ಲಿ ನೇರವಾದ ಒಂದೇ ಪದವಿಲ್ಲ, ಆದ್ದರಿಂದ ಅನೇಕ ವೇಳೆ ಕ್ರಿಯಾಪದವನ್ನೇ ಮರಳಿ ಹೇಳುತ್ತಾರೆ. 'ವೇನಿಸ್ತಿನೆ?' 'ವೇನಿ.' ನಮ್ಮ ಹಳ್ಳಿಯ ಜಗುಲಿಯ ಮೇಲಿನ 'ಬಂದೆಯಾ?' 'ಬಂದೆ' ಎಂಬ ಮಾತಿಗೂ ಇದಕ್ಕೂ ಏನಂತರ? 'ತಂದೆಯೂ ತಾಯಿಯೂ' ಎಂದು ನಾವು ಪದದ ಬೆನ್ನಿಗೆ 'ಊ' ಹಚ್ಚಿದರೆ, ಅವರು 'ಪಾತೆರ್ ಮಾತೆರ್‌ಕ್ವೆ' ಎಂದು ಎರಡನೆಯದರ ಬೆನ್ನಿಗೆ 'ಕ್ವೆ' ಹಚ್ಚುತ್ತಾರೆ. 'ನನಗೆ ನೀರು ಕೊಡು' ಎಂಬುದಕ್ಕೆ 'ದಾ ಮಿಹಿ ಆಕ್ವಾಮ್'. ಸಂಸ್ಕೃತದ 'ದಾ' ಧಾತುವನ್ನೂ 'ಮಹ್ಯಮ್' ರೂಪವನ್ನೂ ಬಲ್ಲವರಿಗೆ ಇಲ್ಲಿ ಹಳೆಯ ನಂಟಸ್ತಿಕೆ ಕಾಣದಿರದು.

ಆ ಭಾಷೆ ಪೂರ್ಣವಾಗಿ ಮೌನವಾಗಿಲ್ಲ. ಫಿನ್ಲೆಂಡಿನ ರೇಡಿಯೊ 1989ರಿಂದ 2019ರವರೆಗೆ ವಾರವಾರವೂ ಲ್ಯಾಟಿನ್ನಿನಲ್ಲಿ ವಾರ್ತೆ ಓದಿತು. 2013ರ ಫೆಬ್ರವರಿ 11ರಂದು ಪೋಪ್ ಹದಿನಾರನೆಯ ಬೆನೆಡಿಕ್ಟ್ ತಮ್ಮ ಪದತ್ಯಾಗವನ್ನು ಲ್ಯಾಟಿನ್ನಿನಲ್ಲಿ ಓದಿದಾಗ, ಜೊವಾನ್ನಾ ಕಿರ್ರಿ ಎಂಬ ಇಟಲಿಯ ಪತ್ರಕರ್ತೆ ಅದನ್ನು ಕೇಳಿದ ಕ್ಷಣದಲ್ಲಿಯೇ ಅರ್ಥಮಾಡಿಕೊಂಡು ಜಗತ್ತಿಗೆ ಮೊದಲು ಸುದ್ದಿ ಕೊಟ್ಟರು. ಶಾಲೆಯಲ್ಲಿ ಕಲಿತ ಭಾಷೆ ಒಂದು ದಿನ ಹೀಗೆ ಒದಗಿಬಂದಿತು.

ಈ ಇತಿಹಾಸದಿಂದ ನನಗೆ ತೋರುವ ಸಂಗತಿ ಇಷ್ಟು. ಭಾಷೆಯನ್ನು ಜನರ ನಾಲಗೆಯ ಮೇಲೆ ಉಳಿಸುವುದು ಮಹಾಕಾವ್ಯಗಳಿಗಿಂತ ಹೆಚ್ಚಾಗಿ ಚಾಕು ಕೇಳುವ, ತಿಂಡಿ ಹಂಚಿಕೊಳ್ಳುವ, ಜಗಳವಾಡುವ ಚಿಕ್ಕ ವಾಕ್ಯಗಳು. ಇನ್ನೊಂದು ಭಾಷೆಯನ್ನು ಕಲಿಸಲು ಮಗುವಿನ ಭಾಷೆಯನ್ನು ಕಿತ್ತುಕೊಳ್ಳಬೇಕಾಗಿಲ್ಲ. ಅದು ಕೊಮೇನಿಯಸ್ 1658ರಲ್ಲಿಯೇ ಮಾಡಿ ತೋರಿಸಿದ ಸಂಗತಿ. ಆದರೂ ನಮ್ಮ ನಾಡಿನಲ್ಲಿ, ಇಂಗ್ಲಿಷ್ ಚೆನ್ನಾಗಿ ಬರಲೆಂದು, ಆಟದ ಮೈದಾನದಲ್ಲಿ ಕನ್ನಡ ಆಡಿದ ಮಕ್ಕಳಿಗೆ ದಂಡ ಹಾಕಿದ, ಹೆಸರು ಬರೆದುಕೊಳ್ಳಲು ಸಹಪಾಠಿಯನ್ನೇ ನೇಮಿಸಿದ ಶಾಲೆಗಳನ್ನು ನಾನು ಕಂಡಿದ್ದೇನೆ. ಅಲ್ಲಿನವರಾರೂ ಹಳೆಯ ಜರ್ಮನ್ ಶಾಲೆಗಳ ಕಥೆಯನ್ನು ಓದಿದವರಲ್ಲ. ಓದದೆಯೇ ಆ ತೋಳವನ್ನು ಮತ್ತೆ ಸಾಕಿದರು. ಮಕ್ಕಳಿಗೆ ಇಂಗ್ಲಿಷ್ ಬೇಕು, ಅದರಲ್ಲಿ ಸಂದೇಹವಿಲ್ಲ. ಆದರೆ ಅದನ್ನು ಕಲಿಸುವ ಪುಟದಲ್ಲಿ ಎರಡು ಅಂಕಣಗಳಿರಲಿ, ಒಂದರಲ್ಲಿ ಕನ್ನಡವಿರಲಿ.